ಉರಿಯ ಗುಂಡಿ

ಮಾರ್ಚ್ 3, ಸೋಮವಾರ

ಉರಿ ಬಂದಾಗೆಲ್ಲ ಬರೆದಿಡಿ ಅಂದಿದ್ದಾರೆ ಡಾಕ್ಟರು. ಏನು ತಿಂದಿರಿ, ಎಲ್ಲಿ ಉರಿಯಿತು, ಎಷ್ಟು ಹೊತ್ತು ಉರಿಯಿತು. ಬರೆಯಲು ಕೂತರೆ ಮೂರು ಹೊತ್ತಿನದೂ ಒಂದೇ ಕಥೆ. ಎದೆಯ ನಡುವಿನಿಂದ ಹೊಕ್ಕುಳಿನ ಮೇಲ್ಗಡೆಯವರೆಗೆ, ಯಾರೋ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತು ಹೋದ ಹಾಗೆ.

ಇನ್ನೊಂದು ಪರೀಕ್ಷೆ ಇದೆಯಂತೆ. ಮೂಗಿನಿಂದ ತೆಳ್ಳನೆಯ ನಳಿಗೆ ಇಳಿಸಿ, ಒಂದು ಹಗಲು ಒಂದು ರಾತ್ರಿ ಅದನ್ನು ಒಳಗೇ ಬಿಟ್ಟು, ಹೊಟ್ಟೆಯ ಆಮ್ಲ ಎಷ್ಟಿದೆ, ಎಲ್ಲಿಯವರೆಗೆ ಉಕ್ಕುತ್ತದೆ ಎಂದು ಅಳೆಯುತ್ತಾರೆ. ಅದಕ್ಕೆ ಮುಂಚೆ ನಾನು ನುಂಗುತ್ತಿರುವ ಮಾತ್ರೆಗಳನ್ನೆಲ್ಲ ನಿಲ್ಲಿಸಬೇಕು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಎದ್ದಿಲ್ಲ, ಆದರೆ ನಾಲಿಗೆಗೆ ಏನೂ ಆಗಿಲ್ಲ.

"ಹೊಟ್ಟೆ ಉರಿ ಅಳೆಯೋಕೂ ಮಿಷನ್ ಬಂತಾ? ನನ್ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ, ಎಷ್ಟಿದೆ ಅಂತ. ನಿನ್ನ ತಂಗಿ ಹುಟ್ಟಿದ ದಿನದಿಂದ ನೋಡ್ತಿದೀನಿ."

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ "ಸುಮ್ನಿರಮ್ಮ" ಅಂದಳು. ಮೊದಲು ನಕ್ಕು ಆಮೇಲೆ ಕನಿಕರ ತೋರಿಸುವುದು ಅವಳ ಕ್ರಮ.

ಅಳೆಯಲಿ. ಅಳತೆ ಅನ್ನುವುದೊಂದು ಕೈಗೆ ಬರಲಿ. ಅದನ್ನು ಅಮ್ಮನ ಮುಖದ ಮುಂದೆ ಹಿಡಿದು, ಇದು ಕಾಯಿಲೆ, ಇಷ್ಟು ವರ್ಷ ನೀನು ಅಂದಿದ್ದಲ್ಲ ಎಂದು ಹೇಳುತ್ತೇನೆ. ಗುಣವಾಗದಿದ್ದರೂ ಪರವಾಗಿಲ್ಲ, ನನಗೆ ಬೇಕಾಗಿರುವುದು ಅಷ್ಟೇ.

ಮಾರ್ಚ್ 7, ಶುಕ್ರವಾರ

ಟೈಲರ್ ಅಂಗಡಿಯಲ್ಲಿ ನನ್ನನ್ನು ಕರೆಯುವುದೇ ಕತ್ತರಿ ಅಂತ. ಕೈಗೂ ಬಾಯಿಗೂ ಸೇರಿಸಿ ಇಟ್ಟ ಹೆಸರು, ನನಗೇನೂ ಬೇಜಾರಿಲ್ಲ. ಕೋಟು, ಪ್ಯಾಂಟು, ಉದ್ದನೆಯ ಉಡುಪು, ಏನೇ ಬರಲಿ, ಬಟ್ಟೆಗೆ ಗುರುತು ಹಾಕಿ ಕತ್ತರಿಸುವವಳು ನಾನು. ನನ್ನದು ಹಿಂದಿನ ಕೋಣೆ. ಉದ್ದ ಮೇಜು, ಸದಾ ಗುಯ್ಗುಟ್ಟುವ ಟ್ಯೂಬ್‌ಲೈಟು, ಸೀಮೆಸುಣ್ಣದ ಧೂಳು. ತಂಗಿ ಮುಂದಿನ ಕೋಣೆಯಲ್ಲಿ ದೊಡ್ಡ ಕನ್ನಡಿಯ ಮುಂದೆ ಗಿರಾಕಿಗಳಿಗೆ ಬಟ್ಟೆ ತೊಡಿಸಿ ಸರಿ ನೋಡುವವಳು. ಅವಳು ಗುಬ್ಬಿ. ಅಮ್ಮ ಇಟ್ಟ ಹೆಸರನ್ನೇ ಅಂಗಡಿಯವರೂ ಹಿಡಿದುಕೊಂಡಿದ್ದಾರೆ. ಕೋಟು ಮೈಮೇಲೆ ಚೆನ್ನಾಗಿ ಕೂತರೆ ಗಿರಾಕಿಗಳು ಕನ್ನಡಿಯಲ್ಲಿ ನೋಡಿಕೊಂಡು ಗುಬ್ಬಿಗೆ ಥ್ಯಾಂಕ್ಸ್ ಹೇಳುತ್ತಾರೆ. ಕೂರದಿದ್ದರೆ ಪರದೆ ಸರಿಸಿ ನನ್ನನ್ನು ನೋಡುತ್ತಾರೆ.

ಸೂಜಿ ಹಿಡಿಯುವುದನ್ನು ಅವಳಿಗೆ ಕಲಿಸಿದವಳು ನಾನು. ಅಪ್ಪ ಹೋದ ಮೇಲೆ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಇದೇ ಅಂಗಡಿಗೆ ಬರುತ್ತಿದ್ದೆ. ಈಗ ನಾನು ಹೊಟ್ಟೆ ಹಿಡಿದುಕೊಂಡು ಹಿಂದೆ ಕೂತಿದ್ದೇನೆ, ಅವಳು ಮುಂದೆ ನಿಂತಿದ್ದಾಳೆ.

ಇವತ್ತು ಕೆಲಸ ಮುಗಿದ ಮೇಲೆ ತನ್ನ ನೀಲಿ ಉಡುಪು ತೊಟ್ಟುಕೊಂಡು ಬಂದಳು. "ಅಕ್ಕ, ಸೊಂಟದ ಹತ್ರ ಸ್ವಲ್ಪ ಒಳಗೆ ಹಿಡಿದು ಕೊಡ್ತೀಯಾ?"

ಹೋದ ತಿಂಗಳು ತಾನೇ ಹಿಡಿದುಕೊಟ್ಟಿದ್ದೆ. ಈಗ ಮತ್ತೆ ಎರಡು ಬೆರಳು ಸಡಿಲ.

"ಇನ್ನೆಷ್ಟು ಸಣ್ಣ ಆಗ್ಬೇಕು ಅಂತಿದೀಯಾ? ಸೂಜಿ ಕಣ್ಣಲ್ಲಿ ತೂರೋಕೆ ಹೊರಟಿದೀಯಾ?"

"ಊಟ ಸೇರ್ತಾ ಇಲ್ಲ ಅಕ್ಕ. ಎರಡು ತುತ್ತಿಗೇ ಸಾಕಾಗುತ್ತೆ."

ಸೇರುವುದಿಲ್ಲವಂತೆ. ಅಮ್ಮ ತನ್ನ ತಟ್ಟೆಯ ಮೊಟ್ಟೆಯನ್ನು ಎತ್ತಿ ಇವಳ ತಟ್ಟೆಗೆ ಹಾಕುತ್ತಾಳೆ, ಇವಳು ಅದನ್ನು ಬದಿಗೆ ಸರಿಸಿ ಏಳುತ್ತಾಳೆ. ದಿನವಿಡೀ ಕನ್ನಡಿಯ ಮುಂದೆ ನಿಲ್ಲುವವರಿಗೆ ಬರುವ ಚಾಳಿ ಇದು. ಗುಂಡುಸೂಜಿ ಚುಚ್ಚುತ್ತಾ ಹೋದೆ. ಒಂದು ಸಲ ಬಟ್ಟೆ ದಾಟಿ ಮೈಗೆ ಹೋಯಿತು. ಗೊತ್ತಾಯಿತು, ಆದರೂ ಇನ್ನೊಂದು ಚೂರು ಒತ್ತಿದೆ.

"ಚುಚ್ತಾ?"

"ಇಲ್ಲ ಅಕ್ಕ."

ನೀಲಿ ಬಟ್ಟೆಯಲ್ಲಿ ರಕ್ತದ ಕಲೆ ಅಷ್ಟಾಗಿ ಕಾಣುವುದಿಲ್ಲ.

ಮಾರ್ಚ್ 12, ಬುಧವಾರ

ಮಾತ್ರೆ ನಿಲ್ಲಿಸಿದ್ದೇನೆ. ಉರಿ.

ಅಂಗಡಿಯ ಯಜಮಾನರು ಇನ್ನು ಮುಂದೆ ಅರ್ಧ ದಿನ ಮಾತ್ರ ಬರುತ್ತಾರಂತೆ. ಮುಂದಿನ ಮೇಜು, ಬೀಗದ ಕೈ, ಗಿರಾಕಿಗಳ ವ್ಯವಹಾರ, ಎಲ್ಲ ಗುಬ್ಬಿಗೆ. "ಕತ್ತರೀ, ನೀನು ಹಿಂದೆ ಇಲ್ದೇ ಇದ್ರೆ ಅಂಗಡಿ ಇಲ್ಲ ಬಿಡು" ಎಂದು ನನಗೆ ಬೆಣ್ಣೆ ಹಚ್ಚಿದರು. ಹಿಂದೆ ಅನ್ನುವ ಮಾತನ್ನು ಒತ್ತಿಯೇ ಹೇಳಿದರು. ಗುಬ್ಬಿ ನನ್ನ ಕೈ ಹಿಡಿದು "ನೀನೇ ಇಟ್ಕೋ ಅಕ್ಕ, ನನಗೆ ಯಾಕೋ ಶಕ್ತಿ ಇಲ್ಲ" ಅಂದಳು. ಭಿಕ್ಷೆ ಹಾಕಿದ ಹಾಗೆ. ಬೇಡ ಅಂದೆ.

ಮಾರ್ಚ್ 18, ಮಂಗಳವಾರ

ಎಲ್ಲರ ವಿಷಯದಲ್ಲೂ ಮೂಗು ತೂರಿಸುತ್ತೀಯಾ ಅಂತ ಅಮ್ಮ ಬೈಯುತ್ತಿದ್ದಳು. ಇವತ್ತು ಆ ಮೂಗಿಗೇ ನಳಿಗೆ ತೂರಿಸಿದ್ದಾರೆ.

ಸಣ್ಣ ಕೋಣೆ, ಕಿಟಕಿಯಿಲ್ಲ. ಪರೀಕ್ಷೆ ಮಾಡುವ ಹೆಂಗಸು ಗಟ್ಟಿಮುಟ್ಟಾಗಿದ್ದಳು. ಮೂಗಿಗೆ ಏನೋ ಮರಗಟ್ಟಿಸುವ ಲೋಳೆ ಹಚ್ಚಿ, ಕೈಗೆ ನೀರಿನ ಲೋಟ ಕೊಟ್ಟು, "ನುಂಗಿ. ನುಂಗಿ. ಅಳೋದು ಆಮೇಲೆ, ಈಗ ನುಂಗಿ" ಅಂದಳು. ಗಂಟಲಿನ ಹತ್ತಿರ ಬಂದಾಗ ಓಕರಿಕೆ ಒತ್ತಿ ಬಂತು. ಅವಳ ಮಣಿಕಟ್ಟನ್ನು ಹಿಡಿದುಕೊಂಡೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕುರ್ಚಿಯ ಕೈಯ ಮೇಲಿಟ್ಟಳು. "ನಿಮಗಿಂತ ವಯಸ್ಸಾದೋರು ಸುಮ್ನೆ ಕೂರ್ತಾರೆ."

ನಳಿಗೆಯನ್ನು ಕೆನ್ನೆಗೆ ಪಟ್ಟಿ ಹಚ್ಚಿ ಕೂರಿಸಿ, ಕಿವಿಯ ಹಿಂದಿನಿಂದ ತಂದು ಸೊಂಟದ ಡಬ್ಬಿಗೆ ಜೋಡಿಸಿದಳು. ಡಬ್ಬಿಯಲ್ಲಿ ಮೂರು ಗುಂಡಿ. ಊಟಕ್ಕೆ ಒಂದು, ಮಲಗಿದರೆ ಒಂದು, ಉರಿಗೆ ಒಂದು. "ಉರಿ ಬಂದ ತಕ್ಷಣ ಒತ್ತಿ. ಮರೀಬೇಡಿ. ಅದೇ ಮುಖ್ಯ. ಮಿಕ್ಕಂತೆ ದಿನಾ ಇದ್ದಂಗೇ ಇರಿ."

ದಿನಾ ಇದ್ದಂತೆ ಇರಬೇಕಲ್ಲ, ಅಂಗಡಿಗೆ ಹೋದೆ. ಬಟ್ಟೆ ಒಯ್ಯಲು ಬಂದ ಗಿರಾಕಿ ಹೆಂಗಸೊಬ್ಬಳು ನನ್ನನ್ನು ಕಂಡು ಮುಖ ತಿರುಗಿಸಿ ಗುಬ್ಬಿಯ ಹತ್ತಿರ ಮೆಲ್ಲಗೆ "ಅಂಟುತ್ತಾ?" ಎಂದು ಕೇಳಿದಳು. ಒತ್ತಿದೆ. ಯಜಮಾನರು "ಏನು ಕತ್ತರೀ, ಮೂಗಿಗೂ ಲೇಸ್ ಹೊಲ್ಕೊಂಡ್ಯಾ?" ಅಂದರು. ಒತ್ತಿದೆ. ಗುಬ್ಬಿಯ ಸೊಂಟದಲ್ಲಿ ಬೀಗದ ಕೈಯ ಗೊಂಚಲು ಸದ್ದು ಮಾಡಿತು. ಒತ್ತಿದೆ. ಜೀವಮಾನವೆಲ್ಲ ಅಂಗಿಗಳಿಗೆ ಗುಂಡಿಯ ಗುರುತು ಹಾಕಿದವಳು ನಾನು, ಇಷ್ಟು ಕೆಲಸಕ್ಕೆ ಬರುವ ಗುಂಡಿಯನ್ನು ಕಂಡಿರಲಿಲ್ಲ.

ಸಂಜೆ ಕೆನ್ನೆಯ ಪಟ್ಟಿ ಬೆವರಿಗೆ ಬಿಟ್ಟುಕೊಂಡಿತು. ಗುಬ್ಬಿ ಹೊಸದು ಹಚ್ಚಿದಳು. ನುಂಗಿದರೆ ನಳಿಗೆ ಎಳೆಯುತ್ತದೆಂದು ಅನ್ನವನ್ನು ಮೆತ್ತಗೆ ಹಿಸುಕಿ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿದಳು. ಚಿಕ್ಕಂದಿನಲ್ಲಿ ನಾನು ಅವಳಿಗೆ ತಿನ್ನಿಸುತ್ತಿದ್ದ ಹಾಗೆಯೇ, ತುಟಿಯ ಅಂಚನ್ನು ಚಮಚೆಯಲ್ಲಿ ಒರೆಸಿ. ಮಂಚದಿಂದ ಅಮ್ಮ "ನೋಡು, ಎಂಥಾ ತಂಗಿ. ಬೇರೆಯೋರಾಗಿದ್ರೆ ನಿನ್ನ ಬಾಯಿ ಹತ್ರಾನೂ ಬರ್ತಿರ್ಲಿಲ್ಲ" ಅಂದಳು. ಹೊದಿಕೆಯ ಕೆಳಗೆ ಕೈ ಹಾಕಿ ಒತ್ತಿದೆ. ಅಮ್ಮನ ಕಣ್ಣು ಚುರುಕು. "ಒತ್ತು, ಒತ್ತು. ಆ ಡಬ್ಬಿಗೂ ಗೊತ್ತಾಗ್ಲಿ."

ನನ್ನ ಊಟವಾದ ಮೇಲೆ ಗುಬ್ಬಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದಳು. ಮುಖ ತೊಳೆಯುವುದಕ್ಕೆ ಎಷ್ಟು ನೀರು ಬೇಕು ಇವಳಿಗೆ.

ಮಾರ್ಚ್ 19, ಬುಧವಾರ

ನಳಿಗೆ ತೆಗೆದರು. ಹಾಕುವಾಗ ಅಷ್ಟು ಹೊತ್ತು, ತೆಗೆಯುವಾಗ ಒಂದೇ ಎಳೆತ. "ಬಹಳ ಸಲ ಒತ್ತಿದೀರಲ್ರೀ" ಎಂದು ಆ ಹೆಂಗಸು ಡಬ್ಬಿ ನೋಡಿ ಹುಬ್ಬೇರಿಸಿದಳು. ಖುಷಿಯಾಯಿತು.

ಮಾರ್ಚ್ 27, ಗುರುವಾರ

ಫಲಿತಾಂಶ. ಜೊತೆಗೆ ಯಾರಾದರೂ ಬರಬೇಕು ಅಂದಿದ್ದರಿಂದ ಗುಬ್ಬಿ ಬಂದಳು.

ಡಾಕ್ಟರು ಪರದೆಯ ಮೇಲೆ ಒಂದು ಉದ್ದ ಗೆರೆ ತೋರಿಸಿದರು. ಗೆರೆಯ ಮೇಲೆ ಅಲ್ಲಲ್ಲಿ ಸಣ್ಣ ಬಾಣಗಳು, ನಾನು ಒತ್ತಿದ್ದು. "ಆಮ್ಲ ಇರಬೇಕಾದ ಕಡೆ ಇದೆ, ಇರಬೇಕಾದಷ್ಟೇ ಇದೆ. ಮೇಲಕ್ಕೆ ಉಕ್ಕುತ್ತಾನೇ ಇಲ್ಲ. ನೋಡಿ, ನೀವು ಒತ್ತಿದ ಕಡೆಯೆಲ್ಲ ಗೆರೆ ಸುಮ್ಮನೆ ಮಲಗಿದೆ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ಹಾಗಲ್ಲ. ಉರಿ ಆಗ್ತಿರೋದು ನಿಜ. ಆದ್ರೆ ಆಮ್ಲದಿಂದ ಅಲ್ಲ. ಒತ್ತಿದಾಗೆಲ್ಲ ನಿಮ್ಮ ಸುತ್ತ ಏನು ನಡೀತಿತ್ತು ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ."

ಏನೂ ನಡೆಯುತ್ತಿರಲಿಲ್ಲ ಅಂದೆ.

ಆಗ ಅವರ ಕಣ್ಣು ಗುಬ್ಬಿಯ ಮೇಲೆ ಹೋಯಿತು. "ಇವರು ನಿಮ್ಮ ತಂಗಿನಾ? ಇಷ್ಟು ಸಣ್ಣ ಇದಾರಲ್ಲ. ಊಟ ಸರಿಯಾಗಿ ಮಾಡ್ತೀರಾಮ್ಮ?" ಇಲ್ಲಿಗೂ ಬಂತು. ನನ್ನ ಹೊಟ್ಟೆಯ ಲೆಕ್ಕ ಕೇಳಲು ಬಂದ ಕಡೆಯಲ್ಲೂ ಅವಳ ವಿಚಾರ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನೇ "ಅವಳದು ಡಯಟ್ಟು ಡಾಕ್ಟ್ರೇ. ಕನ್ನಡಿಗೋಸ್ಕರ" ಅಂದೆ. ಡಾಕ್ಟರು ನಕ್ಕರು. ಗುಬ್ಬಿಯೂ ನಗಲು ನೋಡಿದಳು.

ಹೊರಗಡೆ ಓಣಿಯ ಬೆಂಚಿನ ಮೇಲೆ ಕೂತು "ಅಕ್ಕ, ಬಂದಿದ್ದಾಯ್ತು, ನಾನೂ ಒಂದ್ಸಲ ತೋರಿಸ್ಲಾ? ತಿಂದಿದ್ದು ವಾಪಸ್ ಬರುತ್ತೆ. ನೋವೂ ಇದೆ" ಅಂದಳು.

ಮೈಯೆಲ್ಲ ಉರಿದುಹೋಯಿತು. "ನನ್ನದನ್ನ ಸುಳ್ಳು ಅಂದ್ರಲ್ಲ, ನಿನ್ನದನ್ನ ನಿಜ ಮಾಡ್ಕೊಳ್ಳೋಕೆ ಈಗಲೇ ಅರ್ಜೆಂಟಾ? ಇದೊಂದಾದ್ರೂ ನನ್ನದಾಗಿ ಇರ್ಲಿ ಅಂತ ಬಿಡೋಕಾಗಲ್ವಾ ನಿನಗೆ?" ಚೀಲದಲ್ಲಿ ಉಳಿದಿದ್ದ ಉರಿಯ ಮಾತ್ರೆಗಳ ಪಟ್ಟಿಗಳನ್ನೆಲ್ಲ ತೆಗೆದು ಅವಳ ಮಡಿಲಿಗೆ ಹಾಕಿದೆ. "ತಗೋ. ನನಗೆ ಬೇಡವಂತೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಡಾಕ್ಟ್ರು ಕೊಡೋದೂ ಇದನ್ನೇ."

ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಅಮ್ಮ ಕಾದು ಕೂತಿದ್ದಳು. "ಏನಂತೆ ಮಿಷನ್ನು?" ನಾನು ಚಪ್ಪಲಿ ಬಿಡುವುದರಲ್ಲೇ ಇದ್ದೆ. ಗುಬ್ಬಿ ಹೇಳಿದಳು. "ಆಸಿಡ್ ಸಿಕ್ಕಾಪಟ್ಟೆ ಇದೆಯಂತಮ್ಮ. ಅಕ್ಕಂಗೆ ನಿಜವಾಗ್ಲೂ ಕಾಯಿಲೆ. ಇನ್ಮೇಲೆ ನೀನು ಹಾಗೆಲ್ಲ ಅನ್ನಬಾರದು." ಅಮ್ಮ "ಅಯ್ಯೋ ಪಾಪ, ನಾನು ತಮಾಷೆಗೆ ಅಂತಿದ್ದೆ, ಹೊಟ್ಟೆಗೆ ಹಾಕ್ಕೊಳ್ಳೇ" ಅಂದಳು.

ಇಷ್ಟು ವರ್ಷ ಕಾದಿದ್ದ ಮಾತು. ಅದೂ ಗುಬ್ಬಿಯ ಕೈಯಿಂದಲೇ ಬರಬೇಕಿತ್ತು. ಅಡುಗೆಮನೆಗೆ ಹೋಗಿ ಅವಳನ್ನು ಕೇಳಿದೆ, ಸುಳ್ಳು ಯಾಕೆ ಹೇಳಿದೆ ಅಂತ. "ನಿನಗೆ ಸಮಾಧಾನ ಆಗ್ಲಿ ಅಂತ" ಅಂದಳು. ಈ ರಾತ್ರಿ ಉರಿಯುತ್ತಿರುವಷ್ಟು ಯಾವತ್ತೂ ಉರಿದಿರಲಿಲ್ಲ.

ಏಪ್ರಿಲ್ 5, ಶನಿವಾರ

ನನ್ನ ಮಾತ್ರೆ ಅವಳಿಗೆ ನಾಟಿದೆ. ನೋವು ಕಮ್ಮಿಯಂತೆ, ಅರ್ಧ ತಟ್ಟೆ ತಿನ್ನುತ್ತಾಳೆ. ಅಮ್ಮ ಮಂಚದಿಂದಲೇ ಅವಳು ನುಂಗುವ ತುತ್ತುಗಳನ್ನು ಕಣ್ಣಲ್ಲೇ ಎಣಿಸಿ ಹಿಗ್ಗುತ್ತಾಳೆ. "ಅಕ್ಕ ಕೊಟ್ಟಿದ್ದು" ಎಂದು ಗುಬ್ಬಿ ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ. ನಾನು ವರ್ಷಗಟ್ಟಲೆ ನುಂಗಿ ಆಗದ್ದು ಅವಳಿಗೆ ವಾರದಲ್ಲಿ ಆಯಿತು. ಔಷಧಿಗೂ ಮುಖ ನೋಡಿ ಮಣೆ ಹಾಕುವುದು ಗೊತ್ತು.

ಮಾತ್ರೆಗಳು ಮುಗಿದಿದ್ದವು. ಔಷಧಿ ಅಂಗಡಿಯಿಂದ ಇನ್ನಷ್ಟು ತಂದುಕೊಟ್ಟೆ. ಒಳ್ಳೆಯ ಕೆಲಸ ಮಾಡಿಲ್ಲ ಅಂತ ಯಾರೂ ಅನ್ನಬಾರದು.

ಏಪ್ರಿಲ್ 16, ಬುಧವಾರ

ಉರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಒತ್ತಲು ಗುಂಡಿಯೂ ಇಲ್ಲ.

ನೀಲಿ ಉಡುಪು ಮತ್ತೆ ತಂದಳು. ತಿನ್ನುತ್ತಿದ್ದಾಳೆ, ಆದರೂ ಸಡಿಲ. ಇನ್ನು ಹಿಡಿಯಲು ಜಾಗ ಇಲ್ಲ, ಪಕ್ಕದ ಹೊಲಿಗೆ ಎರಡೂ ಹತ್ತಿರ ಬಂದುಬಿಟ್ಟಿವೆ, ಬೇಕಿದ್ದರೆ ಹೊಸದು ಹೊಲಿಸಿಕೋ ಎಂದು ಎಸೆದೆ.

ಮೇ 2, ಶುಕ್ರವಾರ

ಗುಬ್ಬಿ ಅಂಗಡಿಯಲ್ಲಿ ಬಿದ್ದಳು. ಗಿರಾಕಿಯ ಕೋಟಿನ ತೋಳಿಗೆ ಗುಂಡುಸೂಜಿ ಹಾಕುತ್ತಿದ್ದವಳು ಹಾಗೆಯೇ ಕುಸಿದು, ಕನ್ನಡಿಗೆ ತಲೆ ತಗುಲಿ, ಕಪ್ಪಗೆ ವಾಂತಿ ಮಾಡಿದಳು. ನಾನು ಪರದೆ ಸರಿಸಿಕೊಂಡು ಓಡಿದೆ. ಎತ್ತಿಕೊಂಡರೆ ಭಾರವೇ ಇಲ್ಲ. ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದಾಗ ಇದಕ್ಕಿಂತ ಭಾರ ಇದ್ದಳೋ ಏನೋ. ಆಸ್ಪತ್ರೆಗೆ ಹೋಗುವ ತನಕ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅತ್ತೆ. ನನ್ನ ಗುಬ್ಬಿ, ನನ್ನ ಗುಬ್ಬಿ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ.

ಒಳಗೆ ಸೇರಿಸಿಕೊಂಡರು. ಹೊರಗೆ ಕೂತು ಕೂತು ಹೊಟ್ಟೆ ಚುರುಗುಟ್ಟಿತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬನ್ನು, ಎರಡು ಬೇಯಿಸಿದ ಮೊಟ್ಟೆ, ಕಾಫಿ. ಮತ್ತೆ ಇನ್ನೊಂದು ಬನ್ನು. ಬರೆದಿಡಬೇಕಲ್ಲ, ಬರೆದಿದ್ದೇನೆ. ಯಾಕೋ ಉರಿ ಬರಲಿಲ್ಲ.

ಮೇ 9, ಶುಕ್ರವಾರ

ಗಡ್ಡೆ. ಹೊಟ್ಟೆಯ ಒಳಗೆ, ಊಟ ಕರುಳಿಗೆ ಇಳಿಯುವ ಬಾಗಿಲು ಮುಚ್ಚುವಷ್ಟು ಬೆಳೆದಿದೆ, ಲಿವರಿಗೂ ಹೋಗಿದೆ. ಅದೇ ಡಾಕ್ಟರು. ಈ ಸಲ ನಗಲಿಲ್ಲ. "ಎರಡು ತಿಂಗಳ ಹಿಂದೆ ಬಂದಿದ್ರೆ ಕತ್ತರಿಸಿ ತೆಗೆಯೋಕೆ ನೋಡಬಹುದಿತ್ತೇನೋ. ಈ ಮಾತ್ರೆ ನೋವನ್ನ ಮುಚ್ಚಿಟ್ಟಿದೆ. ಯಾರು ಕೊಟ್ಟಿದ್ದು?"

ನಾನು ಗೋಡೆಯ ಕಡೆ ನೋಡಿದೆ. ಗುಬ್ಬಿ ದಿಂಬಿನಿಂದ ತಲೆಯೆತ್ತದೆ "ನಾನೇ ಅಂಗಡಿಯಿಂದ ತಗೊಂಡೆ ಡಾಕ್ಟ್ರೇ. ಅಕ್ಕ ಬೇಡ ಅಂತಾನೇ ಹೇಳಿದ್ಲು" ಅಂದಳು.

ಸುಳ್ಳು ಹೇಳುವುದು ಅವಳಿಗೆ ಮೊದಲಿನಿಂದ ಅಭ್ಯಾಸ.

ಮೇ 20, ಮಂಗಳವಾರ

ಇನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಪ್ರಯೋಜನವಿಲ್ಲ ಎಂದು ಮನೆಗೆ ಕಳಿಸಿದ್ದಾರೆ. ಅಮ್ಮನ ಮಂಚದ ಎದುರಿಗೆ ಇವಳ ಮಂಚ. ಇಬ್ಬರಿಗೂ ಮೈ ಒರೆಸಿ, ತಿನ್ನಿಸಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಗೆ ಹೋಗುತ್ತೇನೆ. ಮುಂದಿನ ಮೇಜು ಈಗ ನನ್ನದು. ಕನ್ನಡಿಯ ಮುಂದೆ ನಿಂತ ಗಿರಾಕಿಗಳು ನನಗೇ ಥ್ಯಾಂಕ್ಸ್ ಹೇಳುತ್ತಾರೆ. ಗುಬ್ಬಿ ಹೇಗಿದ್ದಾಳೆಂದು ವಿಚಾರಿಸಿ, "ನಿಮ್ಮಂಥಾ ಅಕ್ಕ ಎಲ್ರಿಗೂ ಸಿಗಲ್ಲ" ಅನ್ನುತ್ತಾರೆ. ಅದೂ ನಿಜ. ನನ್ನಷ್ಟು ಮಾಡುವವರು ಯಾರಿದ್ದಾರೆ?

ನನ್ನ ಅಂಗಿಗಳೆಲ್ಲ ಬಿಗಿಯಾಗಿವೆ. ಪಕ್ಕದ ಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲ ಮಾಡಿಕೊಂಡೆ.

ಜೂನ್ 8, ಭಾನುವಾರ

ಬಹಳ ದಿನ ಬರೆದಿರಲಿಲ್ಲ. ಉರಿ ಇದ್ದರೆ ತಾನೇ ಬರೆಯುವುದು?

ಇವತ್ತು ಮಧ್ಯಾಹ್ನ ಗುಬ್ಬಿಗೆ ಚಮಚೆಯಲ್ಲಿ ಗಂಜಿ ಕುಡಿಸಿದೆ. ಒಳಗೆ ಉಳಿಯುವುದಿಲ್ಲ ಅಂತ ಗೊತ್ತು, ಬಾಯಿ ಒದ್ದೆಯಾಗಲಿ ಅಂತ. ತುಟಿಯ ಅಂಚು ಒರೆಸಿ, ಸ್ವಲ್ಪ ಸ್ವಲ್ಪವಾಗಿ. ಎರಡು ಚಮಚೆಗೆ ಸಾಕು ಅಂದಳು. ನನ್ನ ಕೈ ಹುಡುಕಿ ಹಿಡಿದುಕೊಂಡು, ಉಸಿರು ಕೂಡಿಸಿಕೊಂಡು "ನಿನ್ನ ಹೊಟ್ಟೆ ತಣ್ಣಗಿರ್ಲಿ ಅಕ್ಕ" ಅಂದಳು. ಅಜ್ಜಿಯರ ಹಾಗೆ ಹರಸುವ ಇವಳನ್ನು ನೋಡಿ ನಗು ಬಂತು, ಅಳುವೂ ಬಂತು. ಆಮೇಲೆ ಅವಳಿಗೆ ನಿದ್ದೆ ಹತ್ತಿತು.

ಅಮ್ಮ ತನ್ನ ಮಂಚದಿಂದ ನೋಡುತ್ತಿದ್ದಳು. ಅವಳಿಗೂ ತಟ್ಟೆ ತಂದು ಪಕ್ಕದಲ್ಲಿ ಕೂತೆ. ಈಚೆಗೆ ನನ್ನ ಮೇಲೆ ಅವಳಿಗೆ ಮರುಕ ಜಾಸ್ತಿ.

"ನಿನ್ನ ಮಾತ್ರೆ ತಗೊಳ್ತಿದೀಯೇನೇ? ಇವಳ ಸೇವೇಲಿ ನಿನ್ನ ಕಾಯಿಲೆ ಮರೀಬೇಡ. ಆಸಿಡ್ ಅಷ್ಟಿದೆ ಅಂದ್ರಲ್ಲ."

"ಮಾತ್ರೆ ಬಿಟ್ಟು ಎಷ್ಟೋ ದಿನ ಆಯ್ತಮ್ಮ. ಈಗ ಉರೀನೇ ಇಲ್ಲ. ಏನು ತಿಂದ್ರೂ ಅರಗುತ್ತೆ."

"ಯಾವಾಗಿಂದ?"

ನೆನಪು ಮಾಡಿಕೊಂಡೆ. "ಗುಬ್ಬಿ ಅಂಗಡೀಲಿ ಬಿದ್ಲಲ್ಲ, ಆವತ್ತಿಂದ ನೋಡು. ಆಮೇಲೆ ಒಂದು ದಿನಾನೂ ಬಂದಿಲ್ಲ."

ಅಮ್ಮ ನನ್ನ ಮುಖವನ್ನೇ ನೋಡಿದಳು. ತುತ್ತು ಬಾಯಿಯ ಹತ್ತಿರ ಹಿಡಿದರೆ ತುಟಿ ತೆರೆಯಲಿಲ್ಲ. "ನನ್ನನ್ನ ಗೋಡೆ ಕಡೆ ತಿರುಗಿಸು" ಅಂದಳು. ಊಟ ಮುಗಿಸಮ್ಮ ಅಂದರೆ ಮತ್ತೆ ಅದನ್ನೇ ಅಂದಳು. ತಿರುಗಿಸಿ ಮಲಗಿಸಿದೆ. ವಯಸ್ಸಾಯಿತು, ಯಾವ ಹೊತ್ತಿಗೆ ಏನು ಮುನಿಸೋ.

ಇಷ್ಟೆಲ್ಲ ಚೆಲ್ಲುವುದು ಯಾಕೆ ಎಂದು ಅಮ್ಮನ ತಟ್ಟೆಯದ್ದನ್ನೂ ಗುಬ್ಬಿ ಬಿಟ್ಟ ಗಂಜಿಯನ್ನೂ ನಾನೇ ಊಟ ಮಾಡಿದೆ. ಚೆನ್ನಾಗಿ ಹಸಿವಾಗಿತ್ತು. ಉರಿ ಇಲ್ಲ.